ಅತ್ತಿಗೆ ಬಾಯಿಬಿಟ್ಟದ್ದು

ನಮ್ಮ ಅತ್ತಿಗೆಗೆ ಮಾತು ಕಡಿಮೆ. ಪುಣಜನೂರಿನಿಂದ ಗುಂಡ್ಲುಪೇಟೆಗೆ ಅವಳು ಸೊಸೆಯಾಗಿ ಬಂದಾಗ ನಾನಿನ್ನೂ ಪಿಯುಸಿ ಓದುತ್ತಿದ್ದೆ. ಮದುವೆಯಾಗಿ ವರ್ಷ ಕಳೆದರೂ ಅವಳ ದನಿ ಹೇಗಿದೆಯೆಂದು ಬೀದಿಯವರಿಗೆ ತಿಳಿದಿರಲಿಲ್ಲ. ಅವ್ವ ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದಳು. ಅಣ್ಣ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಅತ್ತಿಗೆಗೆ ನಮ್ಮ ಬೀದಿಯ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಮಕ್ಕಳೊಡನೆ ಮಾತ್ರ ಅವಳು ಧಾರಾಳವಾಗಿ ಮಾತಾಡುತ್ತಿದ್ದಳು. ಮನೆಗೆ ಬಂದರೆ ಮತ್ತೆ ಮೌನ.

ಅವರಿಗೆ ಮಕ್ಕಳಾಗಲಿಲ್ಲ. ಮದುವೆಯಾದ ಕೆಲವು ವರ್ಷಗಳ ಮೇಲೆ ಇಬ್ಬರೂ ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಬಂದವನೇ ಅಣ್ಣ ಅವ್ವನಿಗೆ, "ಇಬ್ರಿಗೂ ಏನೂ ತೊಂದ್ರ ಇಲ್ವಂತ ಕಣವ್ವ. ದೇವ್ರು ಕೊಟ್ಟಾಗ ಆಯ್ತದ" ಅಂದ. ದೇವರು ಕೊಡಬೇಕು ಅಂದಮೇಲೆ ಅವ್ವ ಸುಮ್ಮನಿರುತ್ತಾಳೆಯೇ? ಅತ್ತಿಗೆಯ ಕೈಲಿ ಶನಿವಾರ ಉಪವಾಸ ಮಾಡಿಸಿದಳು. ಬರಿಗಾಲಲ್ಲಿ ಗೋಪಾಲಸ್ವಾಮಿ ಬೆಟ್ಟ ಹತ್ತಿಸಿದಳು. ಯಾರೋ ಹೇಳಿದರೆಂದು ಕಹಿ ಬೇರಿನ ಕಷಾಯ ಕುಡಿಸಿದಳು. ಅತ್ತಿಗೆ ಎಲ್ಲವನ್ನೂ ಮಾಡಿದಳು, ಕುಡಿದಳು. ನಾನು ಮದುವೆಯಾಗಿ ಚಾಮರಾಜನಗರಕ್ಕೆ ಹೋದೆ, ಅಲ್ಲೇ ಶಾಲೆಯಲ್ಲಿ ಟೀಚರ್ ಆದೆ. ನನ್ನ ಸೀಮಂತಕ್ಕೆ ಗುಂಡ್ಲುಪೇಟೆಯ ಮನೆಯಲ್ಲಿ ಆರತಿ ಎತ್ತುವ ಹೊತ್ತಿಗೆ ಅತ್ತಿಗೆ ತಾನಾಗಿಯೇ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತಿದ್ದಳು. ಯಾರೂ ಹೋಗು ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅವಳ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಎದೆ ತೆಗೆದರು. ಆಮೇಲೆ ಕೀಮೋ ಕೊಟ್ಟರು, ಕೂದಲು ಉದುರಿತು, ಮತ್ತೆ ಬಂತು. ಮೊದಲಿಗಿಂತ ಗುಂಗುರಾಗಿ ಬಂತು. ಅವಳು ಮತ್ತೆ ಅಂಗನವಾಡಿಗೆ ಹೋಗತೊಡಗಿದಳು. ಆಗಾಗ ತೋರಿಸಿಕೊಂಡು ಬರಬೇಕು ಅಂದಿದ್ದರು, ತೋರಿಸಿಕೊಂಡೂ ಬರುತ್ತಿದ್ದಳು. ಎರಡು ವರ್ಷ ಎಲ್ಲ ಸರಿಯಾಗಿತ್ತು. ಆ ಕಾಯಿಲೆಯ ಕತೆ ಮುಗಿಯಿತು ಎಂದೇ ನಾವು ತಿಳಿದಿದ್ದೆವು.

ಬೇಗೂರಿನಲ್ಲಿ ನಮ್ಮ ಚಿಕ್ಕವ್ವನ ಮನೆ. ಚಿಕ್ಕವ್ವ ಅಂದರೆ ಅವ್ವನ ತಂಗಿ. ಅವಳ ಮೊಮ್ಮಗನಿಗೆ ಹೆಸರಿಡುವ ಶಾಸ್ತ್ರಕ್ಕೆ ನಾವೆಲ್ಲ ಹೋಗಿದ್ದೆವು. ಗಂಡಸರು ಹೊರಗೆ ಶಾಮಿಯಾನದ ಕೆಳಗೆ ಕೂತಿದ್ದರು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿ, ಹೆಂಗಸರು ಸುತ್ತ ನಿಂತು, ಮಗುವನ್ನು ತೊಟ್ಟಿಲಿಗೆ ಹಾಕುವುದರಲ್ಲಿದ್ದರು. ಇಂಥ ಹೊತ್ತಿನಲ್ಲಿ ಹಿಂದೆ ನಿಲ್ಲುವ ಅತ್ತಿಗೆ ಅವತ್ತು ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದು ತೊಟ್ಟಿಲ ಹಗ್ಗ ಹಿಡಿದುಕೊಂಡಳು.

ಚಿಕ್ಕವ್ವ ಮೆಲ್ಲಗೆ, "ನೀ ಒಸಿ ಇಂದ್ಕ ನಿಂತ್ಕಳವ್ವ" ಅಂದಳು.

"ಯಾಕ ಇಂದ್ಕ? ನಂಗೇನಾಗದ?" ಅತ್ತಿಗೆಯ ದನಿ ಇಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. "ನಂದೇನೂ ತಪ್ಪಿಲ್ಲ ಕಣವ್ವ. ಮೈಸೂರ್ ಡಾಕ್ಟ್ರು ಇಬ್ರುಗೂವೆ ಟೆಸ್ಟ್ ಮಾಡುದ್ರು. ನಂದು ಸರಿಯಾಗದ, ತೊಂದ್ರ ಇರದು ಇವ್ರಿಗೇಯ ಅಂದ್ರು. ಬೇಕಾರ ಓಗಿ ಕೇಳಿ, ಒರಗ ಕೂತವ್ರ."

ಹೊರಗಿದ್ದ ಗಂಡಸರು ಬಾಗಿಲ ಕಡೆ ತಿರುಗಿದರು. ಅತ್ತಿಗೆ ಒಬ್ಬಳೇ ನಕ್ಕಳು. ತೊಟ್ಟಿಲನ್ನು ಎರಡು ಸಲ ತೂಗಿ, ಮಗುವಿನ ಕೆನ್ನೆ ಮುಟ್ಟಿ, ಚಾಪೆಯ ಮೇಲೆ ಕೂತು, "ಊಟ ಯಾವಾಗ ಆಕ್ತೀರಿ?" ಎಂದು ಕೇಳಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡೇ ಕೂತಿದ್ದಳು. ಗುಂಡ್ಲುಪೇಟೆಯಲ್ಲಿ ಇಳಿದ ಮೇಲೆ ಅಣ್ಣನನ್ನು ಪಕ್ಕಕ್ಕೆ ಕರೆದು, "ಅದು ನಿಜನ್ಲಾ?" ಅಂದಳು.

"ಅವ್ಳಿಗೇನೋ ಆಗದ ಬುಡವ್ವ" ಅಂದ ಅಣ್ಣ. ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ.

ಅವಳಿಗೆ ಏನೋ ಆಗಿದ್ದದ್ದು ನಿಜ. ಮುಂದಿನ ವಾರಗಳಲ್ಲಿ ಒಂದೊಂದಾಗಿ ಕಾಣಿಸಿತು. ರವಿಕೆಯನ್ನು ತಿರುವುಮುರುವಾಗಿ ಹಾಕಿಕೊಂಡು ಅಂಗನವಾಡಿಗೆ ಹೋದಳು. ಹಾಲು ಉಕ್ಕಿ ಹರಿಯುತ್ತಿದ್ದರೂ ಎದುರು ನಿಂತು ನೋಡುತ್ತಿದ್ದಳು. ಮನೆಗೆ ಬಂದ ನೆಂಟರಿಗೆ, "ಕಾಪಿ ಆಯ್ತಲ್ಲ, ಇನ್ಯಾಕ ಕೂತಿದ್ದರಿ?" ಅಂದಳು. ಅವ್ವನಿಗಂತೂ ನೇರವಾಗಿ, "ಅತ್ತಮ್ಮ, ನಿಮ್ಗ ಸಕ್ಕರ ಕಾಯ್ಲ ಅದ, ಪಾಯಸ ಮತ್ತೊಂದು ಲೋಟ ಯಾಕ?" ಎಂದು ಲೋಟ ಕಿತ್ತುಕೊಂಡಳು. ಅವ್ವ ಯಾರನ್ನೋ ಕರೆಸಿ ತಾಯಿತ ಕಟ್ಟಿಸಿದಳು. ಅತ್ತಿಗೆ ಅದನ್ನು ಬಿಚ್ಚಿ ನಾಯಿಯ ಕೊರಳಿಗೆ ಕಟ್ಟಿದಳು.

ಆಮೇಲೊಂದು ದಿನ ಅವ್ವ ಫೋನು ಮಾಡಿದಳು. "ಅಮ್ಮಿ, ನಿಮ್ಮತ್ತಿಗ ಬೆಳಿಗ್ಗೆ ಎದ್ದೇಟ್ಗ ವಾಂತಿ ಮಾಡ್ಕತಾವ್ಳ. ಒಂದ್ ವಾರದಿಂದ್ಲೂ ಇಂಗೇಯ. ಎದ್ರು ಮನೆಯವ್ಳು ಏನಾರ ವಿಶೇಷನಾ ಅಂತ ಕೇಳುದ್ಲು. ನೀನೊಸಿ ಬಂದು ನೋಡಿಯಾ?"

ಅವ್ವನ ದನಿಯಲ್ಲಿ ಖುಷಿ ಇತ್ತು. ಬೇಗೂರಿನಲ್ಲಿ ಸೊಸೆ ಅಂದ ಮಾತು ಸುಳ್ಳಾಗುವ ಹಾದಿ ಅವಳಿಗೆ ಕಂಡಿತ್ತು. ಕೀಮೋ ಆದಮೇಲೆ ಅತ್ತಿಗೆಗೆ ಮುಟ್ಟು ನಿಂತೇಹೋಗಿದೆ ಎಂಬುದು ನನಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿರಲಿಲ್ಲ. ಫೋನಿನಲ್ಲಿ ಏನೂ ಹೇಳದೆ ಮರುದಿನ ರಜೆ ಹಾಕಿ ಹೋದೆ.

ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದಳು. "ತಲ ಒಳಗ ಯಾರೋ ಒನಕೆ ತಕಂಡು ಕುಟ್ದಂಗಾಯ್ತದ ಅಮ್ಮಿ" ಅಂದಳು. ಎದ್ದು ನಡೆದಾಗ ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಅವತ್ತೇ ಅವಳನ್ನು ಚಾಮರಾಜನಗರದ ನನ್ನ ಮನೆಗೆ ಕರೆದುಕೊಂಡು ಬಂದೆ. ಊಟಕ್ಕೆ ಕೂತಾಗ ಅವಳು ನನ್ನ ಗಂಡನಿಗೆ, "ನೀವು ಒಳ್ಳೆವ್ರು ಕಣಪ್ಪ, ಆದ್ರ ಉಣ್ಣುವಾಗ ಬಾಳ ಸದ್ದು ಮಾಡ್ತೀರಿ" ಅಂದಳು. ಅವರು ಗಾಬರಿಯಾಗಿ ನನ್ನ ಮುಖ ನೋಡಿದರು. ಅದು ನಾನು ಮದುವೆಯಾದಾಗಿನಿಂದ ಹೇಳಬೇಕೆಂದುಕೊಂಡಿದ್ದ ಮಾತು.

ಚಾಮರಾಜನಗರದಲ್ಲಿ ನಮಗೆ ಪರಿಚಯದ ಡಾಕ್ಟರು ಒಬ್ಬರಿದ್ದರು. ಅತ್ತಿಗೆಯ ಹಳೆಯ ಕಾಯಿಲೆ ಅವರಿಗೆ ತಿಳಿದಿತ್ತು. ಅವಳನ್ನು ನಡೆಸಿ ನೋಡಿದರು, ಕೈ ಎತ್ತಿಸಿದರು, ಕಣ್ಣಿನೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಅಷ್ಟು ಹತ್ತಿರದಿಂದ ಅವರ ಮುಖ ನೋಡುತ್ತಿದ್ದ ಅತ್ತಿಗೆ, "ಕೂದ್ಲಿಗ ಬಣ್ಣ ಆಕಂಡಿದ್ದರಿ" ಅಂದಳು. ಡಾಕ್ಟರು ನಕ್ಕರು. ನಗು ಮುಗಿದ ಮೇಲೆ ನನ್ನನ್ನು ಹೊರಗೆ ಕರೆದು, ನಾಳೆಗೆ ಇಡಬೇಡಿ, ಈಗಲೇ ಮೈಸೂರಿಗೆ ಹೊರಡಿ, ತಲೆಯ ಸ್ಕ್ಯಾನ್ ಆಗಬೇಕು ಎಂದರು. ಕಣ್ಣಿನ ಹಿಂದಿನ ನರ ಊದಿದೆ, ತಲೆಯೊಳಗೆ ಒತ್ತಡ ಇದೆ ಎಂದರು.

ಅಣ್ಣ ಗುಂಡ್ಲುಪೇಟೆಯಿಂದ ನೇರವಾಗಿ ಮೈಸೂರಿಗೆ ಬಂದ. ಮರುದಿನ ಸ್ಕ್ಯಾನಿನ ಚಿತ್ರವನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಅಲ್ಲಿಯ ಡಾಕ್ಟರು ನಮಗೆ ತೋರಿಸಿದರು. ಹಣೆಯ ಹಿಂದೆ ನಿಂಬೆಹಣ್ಣಿನಷ್ಟು ಒಂದು, ಅದರ ಸುತ್ತ ಬಾವು, ಬೇರೆ ಬೇರೆ ಕಡೆ ಸಣ್ಣವು ಕೆಲವು.

"ಇದು ಹೊಸ ಕಾಯಿಲೆ ಅಲ್ಲ. ಎದೆಯಲ್ಲಿ ಇದ್ದದ್ದೇ ರಕ್ತದಲ್ಲಿ ಬಂದು ಇಲ್ಲಿ ಕೂತಿದೆ" ಎಂದರು. ಒಂದೇ ಇದ್ದಿದ್ದರೆ ಆಪರೇಷನ್ ಯೋಚಿಸಬಹುದಿತ್ತು, ಇಷ್ಟು ಕಡೆ ಇರುವುದರಿಂದ ಇಡೀ ತಲೆಗೆ ರೇಡಿಯೇಷನ್ ಕೊಡಬೇಕು, ಬಾವು ಇಳಿಯಲು ಈಗಿನಿಂದಲೇ ಮಾತ್ರೆ ಶುರುಮಾಡೋಣ ಎಂದರು. ಗುಣವಾಗುತ್ತದೆಯೇ ಎಂದು ಅಣ್ಣ ಕೇಳಿದ. ಪೂರ್ತಿ ಹೋಗುವುದಿಲ್ಲ, ಕೆಲವು ತಿಂಗಳು ಚೆನ್ನಾಗಿರಬಹುದು, ಅದಕ್ಕಿಂತ ಹೆಚ್ಚು ಸಿಕ್ಕರೆ ಒಳ್ಳೆಯದೇ ಎಂದರು.

ನಾನು ಬೇರೆ ಪ್ರಶ್ನೆ ಕೇಳಿದೆ. "ಇವರು ಮೊದಲಿನ ಹಾಗಿಲ್ಲ ಸಾರ್. ಮನಸ್ಸಿಗೆ ಬಂದದ್ದನ್ನೆಲ್ಲ ಅಂದುಬಿಡುತ್ತಾರೆ."

"ಹಣೆಯ ಹಿಂದಿನ ಭಾಗ ನಮ್ಮನ್ನು ತಡೆದು ಹಿಡಿಯುತ್ತದೆ. ಇದನ್ನು ಅನ್ನಬಾರದು, ಇಲ್ಲಿ ನಗಬಾರದು ಅಂತ. ಅದರ ಮೇಲೇ ಇದು ಕೂತಿದೆ."

"ಹಾಗಾದರೆ ಅವರು ಅನ್ನುವುದೆಲ್ಲ ಸುಳ್ಳೇ?"

"ಹಾಗೇನಿಲ್ಲ. ಒಮ್ಮೊಮ್ಮೆ ತಪ್ಪಿಬೀಳಬಹುದು. ಆದರೆ ಇವರಿಗೆ ಹೋಗಿರುವುದು ತಡೆ, ನೆನಪಲ್ಲ" ಎಂದರು. ಪಕ್ಕದಲ್ಲಿ ಕೂತಿದ್ದ ಅಣ್ಣ ನೆಲ ನೋಡುತ್ತಿದ್ದ.

ಅವ್ವನಿಗೆ ಸುದ್ದಿ ಹೇಳಿದಾಗ ಅವಳು ಗೋಡೆಗೊರಗಿ ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ನೋಡಲು ಬಂದವರಿಗೆಲ್ಲ, "ತಲಗ ಬಂದ್ಬುಟ್ಟಿತ್ತಂತ ಕಣವ್ವ. ಅದ್ಕೇಯ ಅವತ್ತು ಬೇಗೂರ್ನಲ್ಲಿ ಅಂಗೆಲ್ಲ ಅಂದ್ಬುಟ್ಟಿರದು" ಎಂದು ಹೇಳತೊಡಗಿದಳು. ಆ ಮಾತು ನೆಂಟರ ಮನೆಗಳಿಗೆಲ್ಲ ಹೋಯಿತು. ಎಲ್ಲರಿಗೂ ಹಗುರವಾಯಿತು. ಕಾಯಿಲೆಗಾಗಿ ಮರುಗಿದವರೂ ಆ ಮಾತು ಬಗೆಹರಿದದ್ದಕ್ಕೆ ಸಮಾಧಾನಪಟ್ಟರು. ಅಣ್ಣ ಮಾತ್ರ ಎಂದಿನಂತೆ ಬೆಳಿಗ್ಗೆ ಕಂಬ ಹತ್ತಲು ಹೋಗುವನು, ಸಂಜೆ ಬಂದು ಅತ್ತಿಗೆಗೆ ಮಾತ್ರೆ ಕೊಡುವನು.

ರೇಡಿಯೇಷನ್ ಶುರುವಾಗುವ ಹಿಂದಿನ ಭಾನುವಾರ ಚಿಕ್ಕವ್ವ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬೇಗೂರಿನಿಂದ ಬಂದಳು. ನಾನೂ ಅಲ್ಲಿದ್ದೆ. ಆ ಮಾತ್ರೆಯಿಂದ ಅತ್ತಿಗೆಯ ತಲೆನೋವು ಇಳಿದಿತ್ತು, ಮುಖ ಊದಿತ್ತು, ಹಸಿವು ವಿಪರೀತವಾಗಿತ್ತು. ಚಿಪ್ಪು ಕಂಡವಳೇ ಒಂದು ಹಣ್ಣು ಮುರಿದು ತಿನ್ನತೊಡಗಿದಳು.

ಚಿಕ್ಕವ್ವ ಅವಳ ಬೆನ್ನು ಸವರುತ್ತಾ, "ಅವತ್ತು ಅಂದುದ್ದ ನಾವ್ ಮನ್ಸಿಗ ಅಚ್ಕಂಡಿಲ್ಲ ಕಣವ್ವ. ಕಾಯ್ಲ ಆಡುಸ್ತು, ನೀನೇನ್ ಮಾಡಿಯೆ" ಅಂದಳು.

ಅಣ್ಣ ಬಾಗಿಲ ಹತ್ತಿರ ಕೂತು ಟೇಬಲ್ ಫ್ಯಾನಿನ ವೈರು ಸರಿಮಾಡುತ್ತಿದ್ದ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಇಲ್ಲ ಚಿಕ್ಕವ್ವ. ಅದು ಕಾಯ್ಲ ಆಡ್ಸುದ್ದಲ್ಲ. ಅವ್ಳು ಅಂದುದ್ದು ನಿಜವೇ. ತೊಂದ್ರ ಇರದು ನಂಗೇಯ. ಅವತ್ತು ಮೈಸೂರಿಂದ ಬಂದು ನಾನೇ ಸುಳ್ಳು ಯೋಳ್ದೆ."

ಚಿಕ್ಕವ್ವನ ಕೈ ಅತ್ತಿಗೆಯ ಬೆನ್ನ ಮೇಲೆ ನಿಂತುಬಿಟ್ಟಿತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು. ಅತ್ತಿಗೆ ಇನ್ನೊಂದು ಹಣ್ಣು ಸುಲಿಯುತ್ತಾ, "ಈಗ್ಯಾಕ ಅದ್ನೆಲ್ಲ ಯೋಳ್ತೀರಿ? ಬಾಳೆಣ್ಣು ಚೆನ್ನಾಗವ, ನೀವೂ ಒಂದ್ ತಿನ್ನಿ" ಅಂದಳು.

ಚಿಕ್ಕವ್ವ ಕಾಫಿ ಕುಡಿದು ಬಸ್ಸಿನ ಹೊತ್ತಾಯಿತೆಂದು ಹೊರಟಳು. ಅವಳು ಹೋದಮೇಲೆ ಅವ್ವ ಅಣ್ಣನ ಎದುರು ಬಂದು ನಿಂತಳು.

"ಅಷ್ಟ್ ವರ್ಷ ಅವ್ಳ ಬರಿಗಾಲಲ್ಲಿ ಬೆಟ್ಟ ಅತ್ತುಸ್ದೆನಲ್ಲೋ. ಕಸಾಯ ಕುಡುಸ್ದೆ. ಬಾಯ್ ಬುಟ್ಟು ಒಂದ್ ಮಾತು ಯೋಳಕ್ಕ ಏನಾಗಿತ್ಲಾ ನಿಂಗ?"

"ನಾಚ್ಕೆ ಆಯ್ತವ್ವ" ಅಂದ ಅಣ್ಣ. "ಅವ್ಳೇ ಅಂದ್ಲು, ನೀವೇನೂ ಯೋಳ್ಬ್ಯಾಡಿ, ನಂಗ ಅಂದ್ರ ನಾನು ತಡ್ಕತೀನಿ, ನಿಮ್ಗ ಅಂದ್ರ ನೀವು ತಡ್ಕಳಲ್ಲ ಅಂತ. ನಾನೂ ಊಂ ಅಂದ್ಬುಟ್ಟೆ."

ಅವ್ವ ಅವನೊಡನೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ತಟ್ಟೆ ಅವನ ಮುಂದೆ ತಳ್ಳುತ್ತಿದ್ದಳು, ಮಾತಿಲ್ಲ. ಮೈಸೂರಿನಲ್ಲಿ ರೇಡಿಯೇಷನ್ ಮುಗಿಯುವವರೆಗೆ ಅತ್ತಿಗೆಯ ಜೊತೆ ಯಾರು ಇರಬೇಕೆಂಬ ಮಾತು ಬಂದಾಗ, ಅಣ್ಣ ರಜೆ ಹಾಕುತ್ತೇನೆಂದ. "ನೀ ಕೆಲ್ಸಕ್ಕ ಓಗು. ನಾನಿರ್ತೀನಿ" ಎಂದು ಅವ್ವ ಗೋಡೆ ನೋಡಿಕೊಂಡು ಹೇಳಿದಳು. ಅವ್ವ ಅಲ್ಲಿಯವರೆಗೆ ಮೈಸೂರಿನಲ್ಲಿ ಒಂದು ದಿನವೂ ಉಳಿದವಳಲ್ಲ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ರೋಗಿಗಳ ಕಡೆಯವರಿಗೆ ಬಾಡಿಗೆಗೆ ಕೊಡುವ ಕೋಣೆಗಳಿದ್ದವು. ಅತ್ತೆ ಸೊಸೆ ಅಂಥದೊಂದರಲ್ಲಿ ಇದ್ದರು. ಒಂದು ಸೀಮೆಎಣ್ಣೆ ಸ್ಟವ್, ಎರಡು ಚಾಪೆ, ಒಂದು ಬಕೆಟ್. ಶನಿವಾರ ಶಾಲೆ ಮುಗಿಸಿ ನಾನು ಹೋಗುತ್ತಿದ್ದೆ. ರೇಡಿಯೇಷನ್ ಕೊಡುವಾಗ ತಲೆ ಅಲುಗದಂತೆ ಮುಖಕ್ಕೆ ಪ್ಲಾಸ್ಟಿಕ್ಕಿನ ಜಾಲರಿಯಂಥ ಅಚ್ಚು ಹಾಕಿ ಮೇಜಿಗೆ ಬಿಗಿಯುತ್ತಾರೆ. "ಬಲೆ ಆಕಿ ಮೀನ ಇಡ್ಕಂಡಂಗ ಇಡ್ಕತಾರ ಅಮ್ಮಿ" ಎಂದು ಅತ್ತಿಗೆ ನನಗೆ ವಿವರಿಸಿದಳು. ಅವ್ವ ಹೊರಗಿನ ಬೆಂಚಿನ ಮೇಲೆ ಅವಳ ಚಪ್ಪಲಿ ಹಿಡಿದುಕೊಂಡು ಕಾಯುವಳು. ಕೋಣೆಗೆ ಬಂದು ರಾಗಿಮುದ್ದೆ ತಿರುವಿ, ಸೊಪ್ಪಿನ ಸಾರು ಮಾಡಿ, ಮೊದಲು ಸೊಸೆಗೆ ಬಡಿಸುವಳು. ಒಂದು ಶನಿವಾರ ನಾನು ಹೋದಾಗ ಅವ್ವ ಅತ್ತಿಗೆಯ ಬೋಳಾದ ತಲೆಯನ್ನು ಒದ್ದೆ ಬಟ್ಟೆಯಲ್ಲಿ ಮೆತ್ತಗೆ ಒರೆಸುತ್ತಿದ್ದಳು. ಎಣ್ಣೆ ಹಚ್ಚಬಾರದು, ಉಜ್ಜಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆ ಕೆಲಸ ಮಾಡುತ್ತಲೇ ಅವ್ವ ಬೈಯುತ್ತಿದ್ದಳು. "ಯೋಳ್ಬಾರ್ದ ನಂಗ? ನಾನೇನು ನಿನ್ ನುಂಗ್ಬುಡ್ತಿದ್ನ?" ಅತ್ತಿಗೆ ಕಣ್ಣು ಮುಚ್ಚಿಕೊಂಡು ಆರಾಮವಾಗಿ ಕೂತಿದ್ದಳು. "ನುಂಗ್ತಿರ್ಲಿಲ್ಲ, ಅಗಿತಿದ್ರಿ" ಅಂದಳು. ಅವ್ವನಿಗೆ ನಗು ತಡೆಯಲಾಗಲಿಲ್ಲ. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ರೇಡಿಯೇಷನ್ ಮುಗಿಸಿ ಗುಂಡ್ಲುಪೇಟೆಗೆ ಬಂದ ಮೇಲೆ ಕೆಲವು ವಾರ ಬರೀ ನಿದ್ದೆ. ಆಮೇಲೆ ಅತ್ತಿಗೆ ಚೇತರಿಸಿಕೊಂಡಳು. ಕಾಲು ಎಳೆಯುವುದು ಕಡಿಮೆಯಾಯಿತು. ಸೀರೆ ತಾನೇ ನೆರಿಗೆ ಹಿಡಿದು ಉಡುತ್ತಿದ್ದಳು. ಅದರ ಜೊತೆಗೇ ಅವಳ ಹಳೆಯ ಮೌನವೂ ಹಿಂದಿರುಗಿತು. ಬಂದವರಿಗೆ ಕಾಫಿ ಕೊಟ್ಟು ಒಳಗೆ ಹೋಗುವುದು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವುದು. ಅವಳು ಗುಣವಾಗುತ್ತಿದ್ದಾಳೆ ಎಂದು ನಮಗೆ ತಿಳಿಯುತ್ತಿದ್ದದ್ದೇ ಹಾಗೆ. ಆದರೂ ಎಲ್ಲರನ್ನೂ ನಗಿಸುತ್ತಿದ್ದ, ಹೆದರಿಸುತ್ತಿದ್ದ ಆ ಇನ್ನೊಬ್ಬಳು ಹೋದದ್ದು ನನಗೆ ಒಂದಿಷ್ಟು ಬೇಸರವನ್ನೇ ತಂದಿತು.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆವು. ಅವಳು ತಲೆ ಎತ್ತದೆ ಕೇಳಿದಳು. "ಅಮ್ಮಿ, ಬೇಗೂರ್ನಲ್ಲಿ ನಾನೇನಾರ ಅಂದ್ನಾ? ಎಲ್ರೂ ಒಂಥರಾ ನೋಡ್ತಾರ. ನಂಗ ತೊಟ್ಲು ಗೆಪ್ತಿ ಅದ, ಮಾತು ಗೆಪ್ತಿ ಇಲ್ಲ."

ನಾನು ಅವಳು ಅಂದದ್ದನ್ನು ಹೇಳಿದೆ. ಚಿಕ್ಕವ್ವನ ಮುಂದೆ ಅಣ್ಣ ಹೇಳಿದ್ದನ್ನೂ ಹೇಳಿದೆ. ಅದೂ ಅವಳಿಗೆ ಸರಿಯಾಗಿ ನೆನಪಿರಲಿಲ್ಲ.

"ಅವ್ರೇ ಅಂದ್ರಾ? ಎಲ್ರ ಮುಂದ?"

"ಊಂ, ಅತ್ತಿಗಮ್ಮ. ಅವ್ವನ್ ಮುಂದೂವೆ."

ಅವಳು ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದಳು. "ಸರಿ ಬುಡು" ಅಂದಳು. ಆಮೇಲೆ, "ಪಾಪ, ಎಷ್ಟು ಕಷ್ಟ ಆಗಿರ್ಬೇಕು ಅವ್ರಿಗ" ಅಂದಳು. ಅವತ್ತು ಸಂಜೆ ಅಣ್ಣ ಬಂದಾಗ ಅವಳು ಕಾಫಿ ಕೊಟ್ಟು ಎಂದಿನಂತೆ ಒಳಗೆ ಹೋಗದೆ ಅವನ ಪಕ್ಕದಲ್ಲೇ ಜಗಲಿಯ ಮೇಲೆ ಕೂತಳು. ಅವ್ವ ಅದನ್ನು ಕಂಡು, ಅಷ್ಟು ದಿನದ ಮೇಲೆ ಅಣ್ಣನೊಡನೆ ಮೊದಲ ಮಾತಾಡಿದಳು. "ಅವ್ಳಿಗ ಚಳಿ ಆಯ್ತದ, ಒಳಗಿಂದ ಶಾಲು ತಕಂಬಾಲಾ" ಅಂದಳು.

ಚೆನ್ನಾಗಿದ್ದ ಆ ತಿಂಗಳುಗಳಲ್ಲಿ ಅತ್ತಿಗೆ ಕೇಳಿದ್ದು ಒಂದೇ, ತವರಿಗೆ ಹೋಗಬೇಕೆಂದು. ಅಣ್ಣ ಅವಳನ್ನು ಚಾಮರಾಜನಗರದವರೆಗೆ ಕರೆತಂದ, ಅಲ್ಲಿಂದ ನಾವು ಮೂವರೂ ಸತ್ಯಮಂಗಲದ ಬಸ್ಸು ಹತ್ತಿ ಪುಣಜನೂರಿಗೆ ಹೋದೆವು. ಅವಳ ತಮ್ಮನ ಮನೆಯಲ್ಲಿ ಎರಡು ದಿನ ಇದ್ದೆವು. ಪಕ್ಕದ ಮನೆಯ ಮುದುಕಿಯೊಡನೆ ಅವಳು ತಮಿಳಿನಲ್ಲಿ ಹರಟೆ ಹೊಡೆಯುವುದನ್ನು ಅಲ್ಲೇ ನಾನು ಮೊದಲು ಕೇಳಿದ್ದು. ಕಾಡಿನ ಕಡೆಯ ಹೊಲದಲ್ಲಿ ಹಿಂದಿನ ದಿನ ಆನೆ ಬಂದು ರಾಗಿ ತುಳಿದಿತ್ತು. ಅದನ್ನು ನೋಡಲೇಬೇಕೆಂದು ಹಟ ಹಿಡಿದು, ಅಣ್ಣನ ಹೆಗಲು ಹಿಡಿದುಕೊಂಡು ಬದುವಿನ ಮೇಲೆ ನಡೆದು ಹೋಗಿ ನೋಡಿ ಬಂದಳು.

ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಬಲಗಾಲು ಎಳೆಯತೊಡಗಿತು. ಒಮ್ಮೆ ಅಂಗಳದಲ್ಲೇ ಫಿಟ್ಸ್ ಬಂತು. ಮೈಸೂರಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ಇನ್ನು ರೇಡಿಯೇಷನ್ ಕೊಡಲಾಗದು, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಅಣ್ಣ ಉದ್ದ ರಜೆ ಹಾಕಿದ. ಅವಳನ್ನು ಮಗ್ಗುಲು ಹೊರಳಿಸುವುದು, ಬಟ್ಟೆ ಬದಲಿಸುವುದು, ಒಗೆಯುವುದು ಎಲ್ಲವನ್ನೂ ಅವನೇ ಮಾಡಿದ. ಅವ್ವ ಗಂಜಿ ಕುಡಿಸುತ್ತಿದ್ದಳು. ಅತ್ತಿಗೆಗೆ ಮಾತು ನಿಧಾನವಾಗಿ ನಿಂತಿತು. ನೋವು ಮಾತ್ರ ಬಹಳ ಇರಲಿಲ್ಲ, ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತಿದ್ದಳು.

ಒಂದು ದಿನ ಎದುರು ಮನೆಯವಳು ನೋಡಲು ಬಂದು, ಅವಳ ಹಾಸಿಗೆಯ ಪಕ್ಕದಲ್ಲೇ ನಿಂತು, "ಒಂದ್ ಮಗು ಇದ್ದಿದ್ರ ಈಗ ನೋಡ್ಕತಿತ್ತು. ಬಂಜೆ ಜಲ್ಮ ಇಂಗೇಯ" ಅಂದಳು. ಅವ್ವ ಗಂಜಿ ಲೋಟ ಕೆಳಗಿಟ್ಟು, "ಬಂಜೆ ಗಿಂಜೆ ಅನ್ಬ್ಯಾಡ. ಅವ್ಳದ್ದೇನೂ ಇಲ್ಲ, ತೊಂದ್ರ ಇದ್ದುದ್ದು ನನ್ ಮಗನ್ಗ" ಅಂದಳು. ಅಣ್ಣ ಅಲ್ಲೇ ಬಟ್ಟೆ ಮಡಿಸುತ್ತಿದ್ದ. ತಲೆಯಾಡಿಸಿ ಹೌದೆಂದ. ಅತ್ತಿಗೆ ಎಚ್ಚರವಾಗಿದ್ದಳೋ ನಿದ್ದೆಯಲ್ಲಿದ್ದಳೋ ನಮಗೆ ತಿಳಿಯಲಿಲ್ಲ.

ಅವಳು ಹೋದದ್ದು ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ. ಅವ್ವನೂ ಅಣ್ಣನೂ ಹತ್ತಿರವಿದ್ದರು. ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಹೆಡ್‌ಮಾಸ್ಟರು ಬಂದು ಕರೆದರು. ಮಣ್ಣು ಮಾಡುವ ಹೊತ್ತಿಗೆ ಅಂಗನವಾಡಿಯ ತಾಯಂದಿರೆಲ್ಲ ಬಂದಿದ್ದರು. ಅವಳ ಕೈಯಲ್ಲಿ ಅಕ್ಷರ ಕಲಿತು ಆಗ ಕಾಲೇಜಿಗೆ ಹೋಗುತ್ತಿದ್ದ ಕೆಲವರೂ ಬಂದಿದ್ದರು.

ಅವ್ವ ಕೆಲವು ವರ್ಷ ಇದ್ದು ಹೋದಳು. ಅಣ್ಣ ಮತ್ತೆ ಮದುವೆಯಾಗಲಿಲ್ಲ. ನನ್ನ ಮಗಳು ಅವನ ಮನೆಯಲ್ಲಿದ್ದುಕೊಂಡೇ ಗುಂಡ್ಲುಪೇಟೆಯಲ್ಲಿ ಪಿಯುಸಿ ಓದಿದಳು. ಮಾವ ಮಾಡುವ ಸೊಪ್ಪಿನ ಸಾರು ನನ್ನದಕ್ಕಿಂತ ಚೆನ್ನಾಗಿರುತ್ತದೆ ಎಂದು ಈಗಲೂ ಹೇಳುತ್ತಾಳೆ.

ನನ್ನ ಜೊತೆ ಕೆಲಸ ಮಾಡುವ ಟೀಚರೊಬ್ಬರಿಗೂ ಎದೆಯ ಆಪರೇಷನ್ ಆಗಿತ್ತು. ಕಳೆದ ವರ್ಷ ಅವರು ಸ್ಟಾಫ್ ರೂಮಿನಲ್ಲಿ ತಲೆನೋವು ಅಂದರು. ನಾನು ಅವರ ಮಾತು ಕೇಳದೆ ಆಟೋ ಹತ್ತಿಸಿ, ಬಸ್ ಹತ್ತಿಸಿ, ಮೈಸೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ. ಏನೂ ಇರಲಿಲ್ಲ. ಕಣ್ಣಿನ ಡಾಕ್ಟರು ಕನ್ನಡಕ ಬರೆದುಕೊಟ್ಟರು. ಬರುವಾಗ ದಾರಿಯುದ್ದಕ್ಕೂ ಅವರು ನನ್ನನ್ನು ಬೈದರು. ನಾನು ಬೈಸಿಕೊಂಡು, ಕಿಟಕಿಯ ಪಕ್ಕದಲ್ಲಿ ಕಡಲೆಕಾಯಿ ತಿನ್ನುತ್ತಾ ಬಂದೆ.